ನೆಲಗಪ್ಪೆ, ಮಲ್ಪೆಯ ಐಸ್, ಆಗುಂಬೆ ಘಾಟಿ: ನಾನು ಮಾಡಿದ್ದು ಹೀಗೆ

ಮೊನ್ನೆ ಸೀಕ್ವೆನ್ಸಿಂಗ್ ಫೈಲ್ ಬಂತು, ಅಂದರೆ ನೆಲಗಪ್ಪೆಗಳ ಚರ್ಮದ ಬ್ಯಾಕ್ಟೀರಿಯಾಗಳ ಡಿಎನ್‌ಎ ಓದಿದ ಫಲಿತಾಂಶ. ರಾತ್ರಿ ಊಟ ಬಿಟ್ಟು ಕೂತು ಗ್ರಾಫ್ ತೆಗೆದೆ. ಒಂದು ಚುಕ್ಕಿ ಅಂದರೆ ಒಂದು ಟ್ಯೂಬ್‌ನ ಬ್ಯಾಕ್ಟೀರಿಯಾ, ಹೋಲುವವು ಹತ್ತಿರ ಕೂರುತ್ತವೆ. ಮಲ್ಪೆಯ ನೆಲಗಪ್ಪೆಗಳ ಚುಕ್ಕಿಗಳೆಲ್ಲ ಒಂದು ಕಡೆ. ಘಾಟಿಯ ಮೇಲಿನ ಆಗುಂಬೆ, ಕುಂದಾದ್ರಿಯವು ಇನ್ನೊಂದು ಕಡೆ. ಕಪ್ಪೆಯನ್ನೇ ಮುಟ್ಟದ ಖಾಲಿ ಟ್ಯೂಬ್‌ಗಳ ಚುಕ್ಕಿಗಳು ದೂರದ ಮೂಲೆಯಲ್ಲಿ, ಯಾರ ಜೊತೆಗೂ ಸೇರದೆ ನಿಂತಿದ್ದವು. ನನಗೆ ಜಾಸ್ತಿ ಖುಷಿ ಕೊಟ್ಟದ್ದು ಆ ಖಾಲಿ ಟ್ಯೂಬ್‌ಗಳೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಉಡುಪಿಯಲ್ಲಿ ಪಾಠ ಮಾಡುವವನು. ದೊಡ್ಡ ಲ್ಯಾಬ್ ಇಲ್ಲ, ದ್ರವ ಸಾರಜನಕ ಇಲ್ಲ, ಮೈನಸ್ ಎಂಬತ್ತರ ಫ್ರೀಜರ್ ಇಲ್ಲ. ಕಪ್ಪೆ ಚರ್ಮದ ಬ್ಯಾಕ್ಟೀರಿಯಾ ಎತ್ತರಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆ ಅಂತ ನೋಡಬೇಕು ಎಂದಾಗ ಇಬ್ಬರು ಹಿರಿಯರು ನೇರವಾಗಿಯೇ ಹೇಳಿದ್ದರು: ಮಳೆಗಾಲದಲ್ಲಿ ಬೈಕ್ ಮೇಲೆ ತಂದ ಸ್ವಾಬ್‌ನಲ್ಲಿ ನಿನ್ನ ಕೈಯ ಬ್ಯಾಕ್ಟೀರಿಯಾ ಬಿಟ್ಟರೆ ಬೇರೇನೂ ಸಿಗಲಿಕ್ಕಿಲ್ಲ. ಮೊದಲ ವರ್ಷ ಅವರ ಮಾತೇ ನಿಜವಾಯಿತು.

ಆ ವರ್ಷ ಸಿಕ್ಕ ಸಿಕ್ಕ ಕಪ್ಪೆ ಹಿಡಿದೆ. ಕೆಳಗೆ ಗದ್ದೆಯಲ್ಲಿ ಗೂಳಿಕಪ್ಪೆ, ಮಣಿಪಾಲದ ಮುರಕಲ್ಲಿನ ಪದವಿನಲ್ಲಿ ಮೈಕ್ರೋಹೈಲಾ ಲ್ಯಾಟರೈಟ್, ಘಾಟಿಯ ಮೇಲೆ ತೋಡಿನ ಬದಿಯ ಇರುಳುಗಪ್ಪೆ. ಮಣಿಪಾಲದ ಆ ಪುಟ್ಟ ಕಪ್ಪೆ 2016ರಲ್ಲಿ ಲೋಕಕ್ಕೆ ಗೊತ್ತಾದದ್ದು. ಎರಡೇ ವರ್ಷಕ್ಕೆ ಮಂಗಳೂರಿನಿಂದ ಮೈಕ್ರೋಹೈಲಾ ಕೊಡಿಯಾಲ್ ಬಂತು. ನಮ್ಮೂರಿನ ಕಪ್ಪೆಗಳು ಅನ್ನುವ ಪ್ರೀತಿಯಿಂದ ಅವನ್ನೇ ತೆಗೆದುಕೊಂಡೆ. ಆದರೆ ಅವು ಘಾಟಿ ಹತ್ತುವುದಿಲ್ಲ ಅಲ್ವಾ? ಜಾತಿ ಬದಲಾದರೆ ಚರ್ಮದ ಬ್ಯಾಕ್ಟೀರಿಯಾ ಹೇಗೂ ಬದಲಾಗುತ್ತದೆ. ಕಂಡ ವ್ಯತ್ಯಾಸ ಎತ್ತರದ್ದೋ ಜಾತಿಯದ್ದೋ ಹೇಳುವುದಕ್ಕೆ ದಾರಿಯೇ ಇರಲಿಲ್ಲ.

ಎರಡನೇ ತಪ್ಪು ಅದಕ್ಕಿಂತ ದೊಡ್ಡದು. ಕೆಳಗಿನ ಊರಿನ ಟ್ಯೂಬ್‌ಗಳ ಡಿಎನ್‌ಎ ಒಂದು ದಿನ ತೆಗೆದೆ, ಮೇಲಿನವುಗಳದ್ದು ಮೂರು ವಾರ ಬಿಟ್ಟು, ಡಿಎನ್‌ಎ ತೆಗೆಯುವ ರಾಸಾಯನಿಕಗಳ ಇನ್ನೊಂದು ಕಿಟ್‌ನಲ್ಲಿ. ಚರ್ಮದ ಸ್ವಾಬ್‌ನಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ಇರುವುದೇ ಚೂರು. ಕಿಟ್‌ನೊಳಗೇ ಸೇರಿಕೊಂಡಿರುವ ಬ್ಯಾಕ್ಟೀರಿಯಾ ಡಿಎನ್‌ಎಯ ಕೊಳೆಯೇ ಎಷ್ಟೋ ಸಲ ಅದಕ್ಕಿಂತ ಗಟ್ಟಿಯಾಗಿ ಕಾಣಿಸುತ್ತದೆ. ಗ್ರಾಫ್‌ನಲ್ಲಿ ಚಂದದ ಎರಡು ಗುಂಪು ಬಂತು. ನಾಲ್ಕು ದಿನ ಖುಷಿಪಟ್ಟೆ. ಆಮೇಲೆ ನೋಡಿದರೆ ಅದು ಎತ್ತರದ ಗುಂಪಲ್ಲ, ಎರಡು ಕಿಟ್‌ಗಳ ಗುಂಪು. ಸ್ಯಾಂಪಲ್‌ಗೆ ನಾಲ್ಕು ಸಾವಿರ ಚಿಲ್ಲರೆ, ಇಪ್ಪತ್ತನಾಲ್ಕು ಸ್ಯಾಂಪಲ್. ಒಂದು ಲಕ್ಷದ ಹತ್ತಿರ ಹೋಯಿತು. ಅದರಲ್ಲಿ ಅರ್ಧ ಮನೆಯವಳ ಚೀಟಿಯ ದುಡ್ಡು.

ಸ್ಪಿರಿಟ್‌ನಲ್ಲಿ ಇಟ್ಟ ಹನ್ನೊಂದು ಟ್ಯೂಬ್‌ಗಳ ಕಥೆ ಬೇರೆ. ಮುಚ್ಚಳ ಸೋರಿ ಮಾರ್ಕರ್ ಶಾಯಿ ತೊಳೆದುಹೋಯಿತು. ಯಾವುದು ಹೆಬ್ರಿ, ಯಾವುದು ಮಣಿಪಾಲ ಗೊತ್ತಾಗಲಿಲ್ಲ. ಈಗ ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಟ್ಯೂಬ್ ಇಡುವ ಪೊಟ್ಟಣದೊಳಗೇ ಹಾಕುತ್ತೇನೆ.

ಜಾತಿಯ ಗೊಂದಲ ಬೇಡವೆಂದರೆ ಒಂದೇ ಪ್ರಾಣಿ ಬೇಕಿತ್ತು. ಕಡಲಿನಿಂದ ಮಲೆನಾಡಿನವರೆಗೆ ಎಲ್ಲಾ ಕಡೆ ಸಿಗಬೇಕು, ಹುಡುಕಲು ರಾತ್ರಿಯಿಡೀ ಅಲೆಯಬಾರದು. ಅಂಥದ್ದು ನಮ್ಮ ಅಂಗಳದ ನೆಲಗಪ್ಪೆಯೇ. ಬೀದಿದೀಪದ ಕೆಳಗೆ ಹುಳ ತಿನ್ನಲು ತಾನಾಗಿ ಬಂದು ಕೂರುತ್ತದೆ. ಮಲ್ಪೆ, ಮಣಿಪಾಲ, ಹೆಬ್ರಿ, ಆಗುಂಬೆ, ಕುಂದಾದ್ರಿ. ಸೊನ್ನೆಯಿಂದ ಶುರುವಾಗಿ ಆಗುಂಬೆಗೆ ಸುಮಾರು 640 ಮೀಟರ್, ಕುಂದಾದ್ರಿಗೆ 826. ಹೆಬ್ರಿಗೂ ಆಗುಂಬೆಗೂ ನಡುವಿನ ಎತ್ತರದ ಮೆಟ್ಟಿಲು ಸಿಗಲಿಲ್ಲ ಅನ್ನುವುದು ನಿಜ. ಘಾಟಿಯ ಹದಿನಾಲ್ಕು ತಿರುವಿನಲ್ಲಿ ಮನೆಯಿಲ್ಲ, ದೀಪವಿಲ್ಲ, ಎರಡೂ ಬದಿ ಕಾಡು. ಅನುಮತಿ ಕೈಗೆ ಬರಲು ಏಳು ತಿಂಗಳು ಹಿಡಿಯಿತು. ಅದರಲ್ಲೂ ಘಾಟಿಯೊಳಗೆ ರಾತ್ರಿ ಇಳಿಯುವಂತಿರಲಿಲ್ಲ. 1,894 ಮೀಟರಿನ ಕುದುರೆಮುಖದ ತುದಿಗೂ ಆಸೆಪಟ್ಟಿದ್ದೆ, ಅದು ಅಲ್ಲಿಗೇ ಉಳಿಯಿತು.

ಈಗ ಐಸ್ ವಿಷಯ. ಸ್ವಾಬ್ ಕೆಡದಂತೆ ತಣ್ಣಗೆ ಇಟ್ಟು ತರಬೇಕಲ್ಲ. ಡ್ರೈ ಐಸ್‌ಗೆ ವಿಚಾರಿಸಿದರೆ ತರಿಸುವ ಖರ್ಚೇ ತಲೆತಿರುಗುವಷ್ಟು. ಒಂದು ಸಂಜೆ ಮಲ್ಪೆ ಬಂದರಿನಲ್ಲಿ ಮೀನಿನ ಥರ್ಮೋಕೋಲ್ ಡಬ್ಬಿಗೆ ಐಸ್ ಹುಡಿ ತುಂಬುತ್ತಿದ್ದರು. ಹುಡಿ ಐಸ್‌ಗೆ ಕಲ್ಲುಪ್ಪು ಬೆರೆಸಿದರೆ ಸೊನ್ನೆಗಿಂತ ಎಷ್ಟು ಕೆಳಗಿಳಿಯುತ್ತದೆ ಅಂತ ನಮಗೆಲ್ಲ ಗೊತ್ತು, ಆದರೆ ಯಾರೂ ಕಪ್ಪೆ ಕೆಲಸಕ್ಕೆ ಬಳಸಿದ್ದು ನಾನು ಕಂಡಿರಲಿಲ್ಲ. ಮನೆಗೆ ತಂದು ಥರ್ಮಾಮೀಟರ್ ಹಾಕಿದೆ. ಮೈನಸ್ ಹದಿನೇಳು, ಹದಿನೆಂಟು. ಒಂಬತ್ತು ಗಂಟೆ ಕಳೆದರೂ ಮೈನಸ್ ಹತ್ತರ ಮೇಲೆ ಬರಲಿಲ್ಲ. ಡಬ್ಬಿಗೆ ಇನ್ನೂರು, ಐಸ್‌ಗೆ ನೂರೋ ನೂರಿಪ್ಪತ್ತೋ. ಉಪ್ಪನ್ನು ಎಷ್ಟು, ಯಾವ ಪದರದಲ್ಲಿ ಹಾಕುವುದು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಎರಡು ತಿಂಗಳು ಒದ್ದಾಡಿದ್ದೇನೆ.

ಐಸ್ ಪ್ಲಾಂಟಿನವರು ಕೇಳಿದರು, "ಎಂತ ಮಾಷ್ಟ್ರೇ, ಎಷ್ಟು ಕಿಲೋ ಮೀನು ಉಂಟು?" ಕಪ್ಪೆಯ ಮೈ ಒರೆಸಿದ ಕಡ್ಡಿ ಇಡಲಿಕ್ಕೆ ಅಂದೆ. "ಅದಕ್ಕೂ ಐಸಾ ಮಾರಾಯ್ರೆ!" ಅಂದವರು ಮಾರನೆಯ ವಾರದಿಂದ ನನಗೆಂದೇ ಸಣ್ಣ ಹುಡಿ ಎತ್ತಿಡತೊಡಗಿದರು.

ಎರಡನೇ ವರ್ಷ ಜೂನ್‌ನಲ್ಲಿ ಡಬ್ಬಿ ಹಿಡಿದು ಹೋದರೆ ಪ್ಲಾಂಟ್ ಬಂದ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ದೋಣಿ ಇಲ್ಲದೆ ಐಸ್ ಯಾರಿಗೆ ಬೇಕು? ಕಪ್ಪೆ ಜೋರಾಗಿ ಕೂಗುವ ಹೊತ್ತಿಗೇ ನನಗೆ ಐಸ್ ಇಲ್ಲ. ಆ ವರ್ಷ ಪೂರ್ತಿ ಹೋಯಿತು. ಆಮೇಲೆ ಎಲ್ಲವನ್ನೂ ಆಗಸ್ಟ್‌ಗೆ ತಳ್ಳಿದೆ. ಐದೂ ಊರು ಒಂಬತ್ತು ದಿನದೊಳಗೆ, ರಾತ್ರಿ ಏಳೂವರೆಯಿಂದ ಹತ್ತು. ಇದರಿಂದ ಇನ್ನೊಂದು ಲಾಭವಾಯಿತು. ಋತುವಿನ ಗೊಂದಲವೇ ಹೋಯಿತು.

ಹಿಡಿಯುವಾಗಿನ ಮಾತು. ನೆಲಗಪ್ಪೆ ಎತ್ತಿದ ಕೂಡಲೇ ಉಚ್ಚೆ ಹೊಯ್ಯುತ್ತದೆ, ಹೊಟ್ಟೆ ಪೂರ್ತಿ ಒದ್ದೆಯಾಗುತ್ತದೆ. ಆದ್ದರಿಂದ ಹಿಂಬದಿ ನೆಲಕ್ಕೆ ಬಾಗಿಸಿ ಹಿಡಿದು ಅದು ಮುಗಿಯುವವರೆಗೆ ಕಾಯಬೇಕು. ಕಣ್ಣಿನ ಹಿಂದಿನ ಉಬ್ಬು ಒತ್ತಬಾರದು, ಬಿಳಿ ಹಾಲು ಬರುತ್ತದೆ. ಗ್ಲೌಸ್ ಪ್ರತಿ ಕಪ್ಪೆಗೂ ಹೊಸದು, ಪುಡಿ ಇಲ್ಲದ್ದು. ಆ ಪುಡಿ ಪಿಸಿಆರ್, ಅಂದರೆ ಚೂರು ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಕೆಲಸವನ್ನೇ ಕೆಡಿಸುತ್ತದೆ. ಕಪ್ಪೆಯನ್ನು ಸ್ಟೆರೈಲ್ ನೀರಿನಲ್ಲಿ ಎರಡು ಸಲ ತೊಳೆದು, ಸ್ವಾಬ್‌ನಿಂದ ಹೊಟ್ಟೆಗೆ ಹತ್ತು ಸಲ ಒರೆಸುವುದು, ತೊಡೆಗೆ ಐದೈದು, ಪಾದಕ್ಕೆ ಐದೈದು. ಒಂದು ಸಲ ತೊಳೆದರೆ ಸಾಕು ಅನ್ನುವವರಿದ್ದಾರೆ. ಆಗುಂಬೆಯ ಕೆಸರಿಗೆ ಸಾಕಾಗುವುದಿಲ್ಲ. ಇಂಬಳಕ್ಕೆ ಸುಣ್ಣ, ಉಪ್ಪು, ಹೊಗೆಸೊಪ್ಪು ಹಚ್ಚಿಕೊಂಡ ಕೈ ಕಪ್ಪೆಯ ಹತ್ತಿರವೂ ಬರಬಾರದು. ಬ್ಯಾಗ್ ಹಿಡಿಯುವ ಹುಡುಗ ಬೇರೆ, ಕಪ್ಪೆ ಹಿಡಿಯುವವ ಬೇರೆ. ಬೂಟನ್ನು ಊರು ಬಿಡುವ ಮೊದಲು ಬ್ಲೀಚ್ ನೀರಿನಲ್ಲಿ ತೊಳೆಯುತ್ತೇವೆ. ಕಪ್ಪೆಗಳ ಚರ್ಮಕ್ಕೆ ಹತ್ತಿ ಕೊಲ್ಲುವ ಕೈಟ್ರಿಡ್ ಶಿಲೀಂಧ್ರವನ್ನು ನಾವೇ ಹೊತ್ತು ತಿರುಗಿದರೆ ಈ ಕೆಲಸ ಮಾಡಿ ಏನು ಬಂತು?

ಇನ್ನೊಂದು ವಿಷಯವನ್ನು ನಾನು ಬಹಳ ತಡವಾಗಿ ಗಮನಿಸಿದೆ. ನೆಲಗಪ್ಪೆ ಆಗಾಗ ಪೊರೆ ಬಿಡುತ್ತದೆ, ಬಿಟ್ಟ ಪೊರೆಯನ್ನು ತಾನೇ ನುಂಗುತ್ತದೆ. ಆಗಷ್ಟೇ ಪೊರೆ ಬಿಟ್ಟದ್ದರ ಮೇಲೆ ಬ್ಯಾಕ್ಟೀರಿಯಾ ತೀರಾ ಕಡಿಮೆ. ಟಾರ್ಚ್ ಹಿಡಿದರೆ ಮೈ ಹೊಸ ಚರ್ಮದ ಚಪ್ಪಲಿಯ ಹಾಗೆ ಮಿನುಗುತ್ತದೆ. ಅಂಥದ್ದನ್ನು ಬಿಟ್ಟುಬಿಡಿ. ನನ್ನ ಹಳೆಯ ಖಾಲಿ ಫಲಿತಾಂಶಗಳಲ್ಲಿ ಕೆಲವು ಹೀಗೇ ಆಗಿರಬೇಕು.

ಮೂರನೇ ವರ್ಷ ನಲವತ್ತೆಂಟು ಕಪ್ಪೆ, ಆರು ಖಾಲಿ ಟ್ಯೂಬ್. ಊರುಗಳನ್ನೆಲ್ಲ ಬೆರೆಸಿ, ಚೀಟಿ ಎತ್ತಿ, ಆ ಕ್ರಮದಲ್ಲಿ ಡಿಎನ್‌ಎ ತೆಗೆದೆ. ಕಿಟ್ ಒಂದೇ ಲಾಟ್‌ನದ್ದು. ಓದಿಸಿದ್ದು ಬ್ಯಾಕ್ಟೀರಿಯಾ ಗುರುತಿಸಲು ಬಳಸುವ 16ಎಸ್ ಜೀನಿನ ವಿ4 ಭಾಗ. ಎಲ್ಲಾ ಸೇರಿ ಎರಡು ಲಕ್ಷದ ಮೂವತ್ತೋ ನಲವತ್ತೋ ಸಾವಿರ. ಕಾಲೇಜಿನಿಂದ ಐವತ್ತು ಸಾವಿರ ಸಿಕ್ಕಿತು.

ಖಾಲಿ ಟ್ಯೂಬ್‌ಗಳು ದೂರ ನಿಂತದ್ದರಿಂದ ಈ ಸಲ ಕಾಣುತ್ತಿರುವುದು ಕಿಟ್‌ನ ಕೊಳೆಯಲ್ಲ ಅಂತ ಧೈರ್ಯ ಬಂತು, ಮೊದಲು ಹೇಳಿದ ಖುಷಿ ಅದಕ್ಕೇ. ಕಂಡದ್ದು ಇಷ್ಟು. ಮಲ್ಪೆ, ಮಣಿಪಾಲ, ಹೆಬ್ರಿ ಬಹುತೇಕ ಒಂದೇ. ಹೆಬ್ರಿಯಿಂದ ಆಗುಂಬೆಗೆ ಹತ್ತಿದಾಗ ಒಮ್ಮೆಲೇ ಬದಲಾವಣೆ. ಬ್ಯಾಕ್ಟೀರಿಯಾ ಬಗೆಗಳ ಸಂಖ್ಯೆ ಹೆಚ್ಚೇನೂ ಬದಲಾಗಲಿಲ್ಲ, ಪಾಲು ಬದಲಾಯಿತು. ಮೇಲೆ ಸ್ಯೂಡೋಮೊನಾಸ್ ಜಾಸ್ತಿ, ಕೆಳಗೆ ಅಸಿನೆಟೋಬ್ಯಾಕ್ಟರ್ ಜಾಸ್ತಿ. ಇದು ಚಳಿಯದ್ದೋ, ಮಂಜಿನದ್ದೋ, ಮಣ್ಣಿನದ್ದೋ ಬಿಡಿಸುವುದು ಈ ಲೆಕ್ಕದಲ್ಲಿ ಆಗದು. ಕೋವಿಡ್ ಸಮಯದ ಗನ್ ಥರ್ಮಾಮೀಟರನ್ನು ಮೇಲ್ಮೈ ಮೋಡ್‌ಗೆ ಹಾಕಿ ಕಪ್ಪೆಯ ಬೆನ್ನಿಗೆ ಹಿಡಿದಿದ್ದೆ. ಮಲ್ಪೆಯಲ್ಲಿ ಇಪ್ಪತ್ತಾರು, ಇಪ್ಪತ್ತೇಳು. ಆಗುಂಬೆಯಲ್ಲಿ ಇಪ್ಪತ್ತೊಂದು, ಇಪ್ಪತ್ತೆರಡು. ಕೈಟ್ರಿಡ್ ಚೆನ್ನಾಗಿ ಬೆಳೆಯುವುದು ಹದಿನೇಳರಿಂದ ಇಪ್ಪತ್ತೈದು ಡಿಗ್ರಿಯಲ್ಲಿ. ಅಂದರೆ ಆ ಶಿಲೀಂಧ್ರಕ್ಕೆ ಹಿತವಾದ ಮೈ ಘಾಟಿಯ ಮೇಲಿನ ಕಪ್ಪೆಯದ್ದು, ಬ್ಯಾಕ್ಟೀರಿಯಾ ಬದಲಾಗುವುದೂ ಅಲ್ಲಿಯೇ. ಇದಕ್ಕೇ ನಾನು ಮೂರು ವರ್ಷ ಇದರ ಬೆನ್ನು ಬಿಡಲಿಲ್ಲ.

ನಡುವೆ ಸುಮ್ನೆ ಒಂದಷ್ಟು ಸ್ವಾಬ್‌ಗಳನ್ನು ಬ್ಯಾಕ್ಟೀರಿಯಾ ಬೆಳೆಸುವ ಆರ್2ಎ ಅಗರ್ ತಟ್ಟೆಗೂ ಹಚ್ಚಿದ್ದೆ. ನಾಲ್ಕನೇ ದಿನ ಹೆಬ್ರಿಯ ತಟ್ಟೆಯಲ್ಲಿ ಒಂದು ಕಾಲೊನಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಎದೆ ಡವಡವ. ಕೈಟ್ರಿಡ್ ತಡೆಯುವ ಬ್ಯಾಕ್ಟೀರಿಯಾ ಜಾಂಥಿನೋಬ್ಯಾಕ್ಟೀರಿಯಂ ಲಿವಿಡಮ್ ಇದೇ ಬಣ್ಣದ್ದು ಅಲ್ವಾ? ಆದರೆ ಕ್ರೋಮೋಬ್ಯಾಕ್ಟೀರಿಯಂ ವಯೋಲೇಸಿಯಂ ಕೂಡ ಅದೇ ನೇರಳೆ, ನಮ್ಮಂಥ ಬಿಸಿ ಊರಿನ ಮಣ್ಣು ನೀರಿನದ್ದು, ಮನುಷ್ಯರಿಗೆ ಅಪಾಯವೂ ಹೌದು. ಮೂವತ್ತೇಳು ಡಿಗ್ರಿಯಲ್ಲಿ ಇಟ್ಟೆ. ರಾತ್ರಿ ಬೆಳಗಾಗುವುದರೊಳಗೆ ದಟ್ಟವಾಗಿ ಬೆಳೆಯಿತು. ಜಾಂಥಿನೋಗೆ ಸಾಮಾನ್ಯವಾಗಿ ಅಷ್ಟು ಬಿಸಿ ಆಗದು, ಹಾಗಾಗಿ ಅದಲ್ಲ ಅಂತ ಅಲ್ಲಿಗೆ ತಿಳಿಯಿತು. ತಟ್ಟೆಯನ್ನು ಬಿಸಿ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕಿದೆ. ನೇರಳೆ ಕಂಡ ತಕ್ಷಣ ಸಂಭ್ರಮಿಸುವ ವಿದ್ಯಾರ್ಥಿಗಳಿಗೆ ಈಗ ಮೊದಲು ಈ ಪರೀಕ್ಷೆಯನ್ನೇ ಮಾಡಿಸುತ್ತೇನೆ.

ಕುಂದಾದ್ರಿಯ ತಟ್ಟೆಯಲ್ಲೂ ಒಂದು ನೇರಳೆ ಬಂದಿದೆ. ಇಪ್ಪತ್ತೆರಡರಲ್ಲಿ ಬೆಳೆಯುತ್ತದೆ, ಮೂವತ್ತೇಳರಲ್ಲಿ ಮೂರು ಸಲ ಇಟ್ಟರೂ ಬೆಳೆಯಲಿಲ್ಲ. ಅದರ ಹೆಸರು ತಿಳಿಯಲು ಕಳಿಸಿದ್ದೇನೆ. ಉತ್ತರ ಬರುವವರೆಗೆ ಅದನ್ನು ವಾರಕ್ಕೊಮ್ಮೆ ಹೊಸ ತಟ್ಟೆಗೆ ದಾಟಿಸುವ ಕೆಲಸ ನನ್ನದೇ, ಬೇರೆ ಯಾರಿಗೂ ಕೊಟ್ಟಿಲ್ಲ. ಮುಂದಿನ ಆಗಸ್ಟ್‌ಗೆ ಎರಡು ಡಬ್ಬಿ ಹುಡಿ ಐಸ್ ಬೇಕು ಅಂತ ಮಲ್ಪೆಯಲ್ಲಿ ಈಗಲೇ ಹೇಳಿಟ್ಟಾಗಿದೆ.