ಹೈ ಕಿಕ್ ಕೂತಿದ್ದು ಕೈ ಸರಿಹೋದ ಮೇಲೆ

ನಾನು ಐದಡಿ ಮೂರಿಂಚು. ಟೇಕ್ವಾಂಡೊ ಆಡುತ್ತೇನೆ, ಎದುರಿಗೆ ಬರುವವರೆಲ್ಲ ಗೇಣುದ್ದ ಜಾಸ್ತಿ. "ನಿನಗ್ಯಾಕಪ್ಪಾ ತಲೆಗೆ ಕಿಕ್? ಎದೆಗೆ ಹೊಡಿ, ಎರಡೆರಡು ಪಾಯಿಂಟ್ ತಗೊಂಡು ಮನೆಗೆ ನಡಿ" ಅಂತ ಮಾಸ್ಟರ್ ಎಷ್ಟು ಸಲ ಹೇಳಿದರೋ.

ಎದೆಗೆ 2, ತಲೆಗೆ 3. ಆಸೆ ಆ ಒಂದು ಪಾಯಿಂಟಿನದ್ದು. ಆದರೆ ಮೊದಲ ವರ್ಷ ಗಳಿಸಿದ್ದಕ್ಕಿಂತ ಕೊಟ್ಟಿದ್ದೇ ಜಾಸ್ತಿ. ನಾನು ದೊಲ್ಯೊ, ಅಂದರೆ ಪಕ್ಕದಿಂದ ಬೀಸುವ ಕಿಕ್, ಹಾಕಿದರೆ ಎದುರಾಳಿ ತಿರುಗಿ ಪಕ್ಕೆಗೆ ಬ್ಯಾಕ್ ಕಿಕ್ ಹಾಕುತ್ತಿದ್ದ. ಅದಕ್ಕೆ 4. ಬ್ಯಾಲೆನ್ಸ್ ತಪ್ಪಿ ಬಿದ್ದರೆ ಗಮ್‌ಜೊಮ್ ಅನ್ನೋ ದಂಡ, ಅವನಿಗೆ ಇನ್ನೊಂದು ಪಾಯಿಂಟ್. ಒಂದು ಫೈಟಿನಲ್ಲಂತೂ ಮೂರು ಸಲ ಬಿದ್ದು, ಬಿದ್ದೇ ಸೋತೆ.

ಕಾಲು ಇನ್ನೂ ಸಡಿಲವಾಗಬೇಕು ಅಂದುಕೊಂಡೆ. ಗೋಡೆಗೆ ಕಾಲಿಟ್ಟು ಜಗ್ಗಿ ಜಗ್ಗಿ ತೊಡೆಯ ಹಿಂದೆ ಹಿಡಿದುಕೊಂಡಿತು. ಎರಡು ತಿಂಗಳು ರಜೆ, ಫಿಸಿಯೊಗೆ ಐದಾರು ಸಾವಿರ. ಆಮೇಲೆ ಕಾಲಿಗೆ ಕಟ್ಟುವ ತೂಕ ತಂದೆ, 900 ರೂಪಾಯಿ ಇರಬೇಕು. ಮೊಣಕಾಲು ನೋವು ಬಂತು ಅಷ್ಟೇ. ಈಗ ಆ ತೂಕ ಗಾಳಿಗೆ ಬಾಗಿಲು ಬಡಿಯದ ಹಾಗೆ ಹಿಡಿದುಕೊಂಡಿದೆ.

ಕಣ್ಣು ತೆರೆಸಿದ್ದು ಅಮ್ಮನ ರಂಗೋಲಿ ಪುಡಿ. ಒಂದು ಭಾನುವಾರ ತಾರಸಿ ಮೇಲೆ ನಾನು ಪಾದಕ್ಕೆ ಬಳಿದುಕೊಂಡೆ, ಗೆಳೆಯ ಹಿಮ್ಮಡಿಗೆ. ನಾನು ತಲೆಗೆ ಇಪ್ಪತ್ತು ಕಿಕ್ ಹಾಕಿದೆ, ಅವನು ತಿರುಗಿ ಬ್ಯಾಕ್ ಕಿಕ್ ಹಾಕಿದ. ಅವನ ಹೆಡ್‌ಗಾರ್ಡ್ ಮೇಲೆ ಗುರುತು ಮೂರೋ ನಾಲ್ಕೋ. ಉಳಿದದ್ದೆಲ್ಲ ಅವನ ಮುಂಗೈ ಮೇಲೆ, ಇಲ್ಲಾ ಗಾಳಿಗೆ. ನನ್ನ ಬಲ ಪಕ್ಕೆ ಮಾತ್ರ ಪೂರ್ತಿ ಬಿಳಿ! ಬಲಗಾಲು ಏರಿದಾಗೆಲ್ಲ ಬಲಗೈ ಹಿಂದಕ್ಕೆ ಹಾರಿ, ಪಕ್ಕೆ ಬಾಗಿಲು ತೆಗೆದಿಟ್ಟ ಹಾಗೆ ಇರುತ್ತಿತ್ತು. ಪುಡಿ ಖಾಲಿ ಮಾಡಿದ್ದಕ್ಕೆ ಬೈಗುಳ ಬೇರೆ.

ಮರುದಿನವೇ ಹಳೆ ಬಿಳಿ ಬೆಲ್ಟ್ ತೆಗೆದು ಎರಡೂ ಮೊಣಕೈ ಸೇರಿಸಿ ಹೊಟ್ಟೆ ಸುತ್ತ ಕಟ್ಟಿದೆ, ಸ್ವಲ್ಪ ಸಡಿಲವಾಗಿ. ಕೈ ಹಾರಿದರೆ ಬೆಲ್ಟ್ ಜಗ್ಗುತ್ತದೆ. ಕ್ಲಬ್ಬಿನವರು "ಏನೋ, ಹರಕೆ ಕೋಳಿ ಥರ ಕಟ್ಕೊಂಡಿದೀಯ" ಅಂತ ನಕ್ಕರು. ಮೂರು ವಾರ ಬರೀ ಬಿದ್ದೆ. ಕೈ ಬೀಸದೆ ನಿಲ್ಲಬೇಕಾದರೆ ನಿಂತ ಕಾಲು ಪೂರ್ತಿ ತಿರುಗಲೇಬೇಕು, ಹಿಮ್ಮಡಿ ಎದುರಾಳಿಯ ಕಡೆಗೆ ಬರಬೇಕು. ಅಷ್ಟು ದಿನ ಅರ್ಧ ತಿರುಗಿ ಮಿಕ್ಕಿದ್ದನ್ನು ಕೈಯಲ್ಲಿ ಸರಿದೂಗಿಸುತ್ತಿದ್ದೆ ನೋಡಿ. ಎರಡು ತಿಂಗಳಾಗುವಷ್ಟರಲ್ಲಿ ಎಡಗೈ ಕೆನ್ನೆ ಹತ್ತಿರ, ಬಲ ಮುಂಗೈ ಪಕ್ಕೆ ಮೇಲೆ ತಾನಾಗೇ ಕೂತವು. ತೋಳಿಗೆ ಬಿದ್ದ ಒದೆಗೆ ಪಾಯಿಂಟ್ ಇಲ್ಲ, ಆದರೆ ನೋವು ಬೇಕಾದಷ್ಟಿದೆ. 350 ರೂಪಾಯಿಯ ಮುಂಗೈ ಗಾರ್ಡ್ ತಗೊಂಡು ಕೈ ಊದಿಸಿಕೊಂಡೆ. ಅದರಲ್ಲಿ ಜಿಪುಣತನ ಮಾಡಬೇಡಿ.

ಇನ್ನು ತಲೆ ಕಾಯುವ ಎದುರಾಳಿಯ ಕೈ ಇಳಿಸೋದು. ಮೊಣಕಾಲು ಒಂದೇ ರೀತಿ ಎತ್ತಿ ಎರಡು ಸಲ ಎದೆಗೆ ಜೋರಾಗಿ ಹೊಡೆಯಿರಿ, ಮೂರನೆಯದು ತಲೆಗೆ. ಇದು ಎಲ್ಲರಿಗೂ ಗೊತ್ತು. ಇದರ ಜೊತೆ ನಾನು ಭುಜದಲ್ಲಿ ಒಂದು ಸಣ್ಣ ಆಟ ಆಡುತ್ತೇನೆ. ಅದನ್ನು ಬರೆದರೆ ಮುಂದಿನ ತಿಂಗಳು ನನಗೇ ಬೀಳುತ್ತದೆ, ಬೇಡ.

ಈಗ ಇಪ್ಪತ್ತಕ್ಕೆ ಏಳೆಂಟು ಕೂರುತ್ತವೆ. ಹೋದ ಸಲದ ಜಿಲ್ಲಾ ಮಟ್ಟದಲ್ಲಿ ಒಂದೇ ರೌಂಡಿನಲ್ಲಿ ತಲೆಗೆ ಎರಡು ಹಾಕಿದೆ. ಅವನ ಬ್ಯಾಕ್ ಕಿಕ್ ಮೂರೂ ನನ್ನ ತೋಳಿಗೇ ಬಿದ್ದವು. ಮಾಸ್ಟರ್ ಏನೂ ಹೇಳಲಿಲ್ಲ. ಮುಂದಿನ ಕ್ಲಾಸಿಗೆ ಬರುವಾಗ ಮನೆಯಲ್ಲಿ ಹಳೆ ಬೆಲ್ಟ್ ಇದ್ದರೆ ನಾಲ್ಕು ತಾ ಅಂದರು, ಚಿಕ್ಕ ಹುಡುಗರಿಗೆ ಕಟ್ಟೋಕೆ.