ಬಾಗಿದ ಹಲಗೆ ನೆಟ್ಟಗಾದದ್ದು

ಕಾಸರಗೋಡಿನ ಆಟಿ ತಿಂಗಳ ಜಡಿಮಳೆಯಲ್ಲಿ ಹಾಸಿದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಮರದ ಅಂಟಿನ ಪಾಡೇನು! 28 ಮಿಲಿಮೀಟರ್ ಗೊಂಬೆ ಸೈನಿಕರ ಯುದ್ಧದಾಟಕ್ಕೆ ಬೇಕಲ ಕೋಟೆಯಂಥ ನೆಲವನ್ನು ಎರಡಡಿ ಚದರದ ಎಂಡಿಎಫ್ (ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ) ಹಲಗೆಗಳ ಮೇಲೆ ಕಟ್ಟುತ್ತಿದ್ದೆ. ಮರಳು ಅಂಟಿಸಿದ ಮೇಲೆ ಮೂಲೆಗಳು ಮೇಲೆದ್ದವು. ಹಲಗೆಗಳನ್ನು ಜೋಡಿಸಿದರೆ ನಡುವೆ ಬೆರಳು ತೂರುವಷ್ಟು ಸಂದು.

ನೀರು ಬೆರೆತ ಅಂಟು ಒಣಗುವಾಗ ಕುಗ್ಗಿ ಮೇಲ್ಮೈಯನ್ನು ಎಳೆಯುತ್ತದೆ. ಹಿಂಬದಿ ಬರಿದಾಗಿದ್ದರೆ ಆ ಎಳೆತಕ್ಕೆ ಎದುರಾಳಿಯೇ ಇಲ್ಲ. ಸಾಲದ್ದಕ್ಕೆ ಎಂಡಿಎಫ್ ತೇವ ಹೀರಿ ಉಬ್ಬುವ ಜಾತಿಯದು. ಕತ್ತರಿಸಿದ ಅಂಚುಗಳಂತೂ ಹೆಚ್ಚು ಹೀರುತ್ತವೆ.

ಭಾರ ಹೇರಿ ನೋಡಿದೆ. ತೆಗೆದ ಕೂಡಲೇ ಮತ್ತೆ ಬಾಗಿತು. ಕೊನೆಗೆ ಹಿಂಬದಿಗೂ ಅದೇ ಅಂಟನ್ನು ಅಷ್ಟೇ ದಪ್ಪಕ್ಕೆ ಬಳಿದು, ಗಾಳಿಯಾಡುವಂತೆ ಗೋಡೆಗೆ ಒರಗಿಸಿ ಫ್ಯಾನ್ ಹಾಕಿದೆ. ಒಣಗುತ್ತಾ ಬಂದಂತೆ ಮೂಲೆಗಳು ಇಳಿದವು. ಉಳಿದ ಅಲ್ಪ ಬಾಗನ್ನು ಹಲಗೆಯ ಅಡಿಭಾಗಕ್ಕೆ ಸ್ಕ್ರೂ ಹಾಕಿದ ಮರದ ಪಟ್ಟಿಗಳು ಹಿಡಿದಿಟ್ಟವು. ಅಂಚುಗಳಿಗೆ ವಾರ್ನಿಷ್ ಎರಡು ಕೈ ಹೊಡೆದೆ.

ಕೋಟೆಯ ಗೋಡೆ ಕೆಲಸ ಮಾತ್ರ ಬಲು ಖುಷಿಯದು. ಒತ್ತಾದ ಫೋಮ್ ಹಾಳೆಯನ್ನು ತಂತಿ ಬ್ರಷ್ಷಿನಿಂದ ಕುಟ್ಟಿದರೆ ಮುರಕಲ್ಲಿನ (ಕರಾವಳಿಯ ಕೆಂಪು ಜಂಬಿಟ್ಟಿಗೆಯ) ತೂತುಗಳು ಹಾಗೆಯೇ ಮೂಡುತ್ತವೆ. ಮೊದಲು ಕಡುಕಂದು, ಆಮೇಲೆ ಒಣ ಬ್ರಷ್ಷಿನಲ್ಲಿ ಇಟ್ಟಿಗೆ ಕೆಂಪು, ಬುಡಕ್ಕೆ ಪಾಚಿಯ ಹಸಿರು. ಸ್ಪ್ರೇ ಬಣ್ಣವನ್ನು ನೇರವಾಗಿ ಹೊಡೆಯಬೇಡಿ. ಅದರ ದ್ರಾವಕ ಫೋಮನ್ನು ಕರಗಿಸುತ್ತದೆ. ನೀರಲ್ಲಿ ಕಲಸುವ ಅಕ್ರಿಲಿಕ್ ಬಣ್ಣದ ಒಂದು ಪದರ ಮುಚ್ಚಿದ ಮೇಲೆಯೇ ಮುಂದಿನ ಮಾತು.