ಮಗುವಿನ ಕಾಲೇಜಿಗೆ ಹಣ: ಬಡ್ಡಿಗಿಂತ ಮೊದಲು ತಾರೀಖು ನೋಡಿ

ಮಗಳಿಗೆ ಈಗ ಮೂರು ವರ್ಷ ಅಂದುಕೊಳ್ಳಿ. ಅವಳು ಪಿಯುಸಿ ಮುಗಿಸುವುದು ಇನ್ನು 15 ವರ್ಷಕ್ಕೆ. ಹಣ ಎಲ್ಲಿ ಹಾಕಬೇಕು ಎಂದು ಯೋಚಿಸುವಾಗ ಎಲ್ಲರೂ ಮೊದಲು ನೋಡುವುದು ಬಡ್ಡಿ. ನೀವು ಮೊದಲು ಒಂದು ಹಾಳೆಯಲ್ಲಿ ಫೀಸು ಕಟ್ಟಬೇಕಾದ ವರ್ಷ ಬರೆದುಕೊಳ್ಳಿ. ಆ ವರ್ಷ ಕೈಗೆ ಬರದ ಹಣ ಎಷ್ಟು ಬೆಳೆದರೂ ಆ ಹೊತ್ತಿಗೆ ಉಪಯೋಗಕ್ಕಿಲ್ಲ, ಅಲ್ವಾ?

ಆಮೇಲೆ ಮೊತ್ತ. ಇವತ್ತು ಒಂದು ಕೋರ್ಸಿಗೆ 4 ಲಕ್ಷ ರೂಪಾಯಿ ಆಗುತ್ತದೆ, ವರ್ಷಕ್ಕೆ ಶೇ 8ರಂತೆ ಏರುತ್ತದೆ ಎಂದರೆ 15 ವರ್ಷಕ್ಕೆ ಬೇಕಾಗುವುದು ಸುಮಾರು 12.7 ಲಕ್ಷ.

ಹೆಣ್ಣುಮಗುವಾದರೆ ಸುಕನ್ಯಾ ಸಮೃದ್ಧಿ ಖಾತೆ ಬಿಡಬೇಡಿ. 10 ವರ್ಷ ತುಂಬುವುದರೊಳಗೆ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ತೆರೆಯಬೇಕು. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಹೆಚ್ಚೆಂದರೆ 1.5 ಲಕ್ಷ. 2024ರ ಜನವರಿಯಲ್ಲಿ ಬಡ್ಡಿ ಶೇ 8.2ಕ್ಕೆ ಏರಿತು. ಮೂರು ತಿಂಗಳಿಗೊಮ್ಮೆ ಸರ್ಕಾರ ಅದನ್ನು ಬದಲಿಸಬಹುದು. ತಾರೀಖಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಖಾತೆ ಮುಗಿಯುವುದು ತೆರೆದ 21 ವರ್ಷಕ್ಕೆ. ಮೂರು ವರ್ಷದವಳಿಗೆ ತೆರೆದರೆ ಪೂರ್ತಿ ಹಣ ಸಿಗುವಾಗ ಅವಳಿಗೆ 24! ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಅಥವಾ 18 ತುಂಬಿದ ಮೇಲೆ ಓದಿಗೆಂದು ತೆಗೆಯಬಹುದು. ಅದೂ ಹಿಂದಿನ ಹಣಕಾಸು ವರ್ಷದ ಕೊನೆಯಲ್ಲಿದ್ದ ಮೊತ್ತದ ಅರ್ಧದವರೆಗೆ ಮಾತ್ರ. ಹಾಗಾಗಿ ಎಲ್ಲವನ್ನೂ ಇಲ್ಲೇ ಹಾಕಬೇಡಿ.

ಗಂಡುಮಗುವಾದರೆ ಈ ಜಾಗದಲ್ಲಿ ಪಿಪಿಎಫ್, ಅಂದರೆ ಸರ್ಕಾರದ ಸಾರ್ವಜನಿಕ ಭವಿಷ್ಯ ನಿಧಿ ಖಾತೆ. ಖಾತೆ ತೆರೆದ ಹಣಕಾಸು ವರ್ಷ ಮುಗಿದು 15 ವರ್ಷಕ್ಕೆ ಹಣ ಬರುತ್ತದೆ. ಮಗುವಿನ ಖಾತೆಗೂ ನಿಮ್ಮ ಖಾತೆಗೂ ಸೇರಿ ವರ್ಷಕ್ಕೆ 1.5 ಲಕ್ಷವೇ ಮಿತಿ.

ಉಳಿದದ್ದನ್ನು ನಿಫ್ಟಿ ಇಂಡೆಕ್ಸ್ ಫಂಡ್‌ಗೆ, ಅಂದರೆ ನಿಫ್ಟಿ ಎಂಬ ಷೇರು ಸೂಚ್ಯಂಕದಲ್ಲಿರುವ ಕಂಪನಿಗಳಲ್ಲೇ ಹಣ ಹೂಡುವ ಮ್ಯೂಚುವಲ್ ಫಂಡ್‌ಗೆ, ತಿಂಗಳ ಎಸ್‌ಐಪಿ (ಪ್ರತಿ ತಿಂಗಳ ನಿಗದಿತ ಕಂತು) ಮಾಡಿ. ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಆರಿಸಿ. ನಾನಾದರೆ ತಿಂಗಳಿಗೆ 4,000 ಎತ್ತಿಟ್ಟು 1,500 ಸುಕನ್ಯಾಗೆ, 2,500 ಫಂಡ್‌ಗೆ ಹಾಕುತ್ತೇನೆ. ಬಡ್ಡಿ ಶೇ 8.2ರಲ್ಲೇ ಉಳಿದರೆ 15 ವರ್ಷಕ್ಕೆ ಸುಕನ್ಯಾದಲ್ಲಿ ಸುಮಾರು 5.2 ಲಕ್ಷ ಇರುತ್ತದೆ, ಓದಿಗೆ ಅದರರ್ಧ ಸಿಗುತ್ತದೆ. ಫಂಡ್ ಸರಾಸರಿ ಶೇ 10 ಬೆಳೆದರೆ ಅಲ್ಲಿ ಸುಮಾರು 10.3 ಲಕ್ಷ. ಫಂಡ್‌ನದು ಖಾತ್ರಿಯಲ್ಲ. 2020ರ ಜನವರಿಯಲ್ಲಿ 12,000ಕ್ಕಿಂತ ಮೇಲಿದ್ದ ನಿಫ್ಟಿ ಮಾರ್ಚ್‌ನಲ್ಲಿ 8,000ಕ್ಕಿಂತ ಕೆಳಗಿಳಿದಿತ್ತು. ಸೀಟು ಸಿಕ್ಕ ತಿಂಗಳಲ್ಲೇ ಹೀಗಾದರೆ ಮನೆಯವರ ಗತಿ ಏನು?

ಅದಕ್ಕೇ ಮಗಳು ಒಂಬತ್ತನೇ ಕ್ಲಾಸಿಗೆ ಬಂದಾಗಿನಿಂದ ಪ್ರತಿ ವರ್ಷ ಫಂಡ್‌ನಿಂದ ಸ್ವಲ್ಪ ಸ್ವಲ್ಪ ತೆಗೆದು ಎಫ್‌ಡಿಗೆ ಹಾಕುತ್ತಾ ಬನ್ನಿ. ಎರಡನೇ ಪಿಯುಸಿ ಹೊತ್ತಿಗೆ ಮೊದಲ ವರ್ಷದ ಫೀಸು ಪೂರ್ತಿ ಎಫ್‌ಡಿಯಲ್ಲಿರಲಿ. ಮಾರುಕಟ್ಟೆ ಇನ್ನೂ ಏರುತ್ತದೆ ಎಂದು ಯಾರು ಹೇಳಿದರೂ ಈ ಕೆಲಸ ನಿಲ್ಲಿಸಬೇಡಿ.

ಫಂಡ್ ಯಾರ ಹೆಸರಲ್ಲಿರಬೇಕು? ಮಗುವಿನ ಹೆಸರಲ್ಲಿದ್ದರೆ 18 ತುಂಬಿದಾಗ ವಹಿವಾಟು ನಿಲ್ಲುತ್ತದೆ. ಅವಳ ಕೆವೈಸಿ, ಬ್ಯಾಂಕ್ ವಿವರ ಕೊಟ್ಟ ಮೇಲೇ ಹಣ ತೆಗೆಯಲು ಆಗುವುದು. ಸರಿಯಾಗಿ ಅಡ್ಮಿಷನ್ ಓಡಾಟದ ಹೊತ್ತಲ್ಲಿ ಇದೂ ಸೇರಿಕೊಳ್ಳುತ್ತದೆ. ತಂದೆ ಅಥವಾ ತಾಯಿಯ ಹೆಸರಲ್ಲಿ ಹಾಕಿ, ಮಗುವನ್ನು ನಾಮಿನಿ ಮಾಡುವುದು ಸಲೀಸು ಅಂತ ನನಗನಿಸುತ್ತದೆ.

‘ಮಕ್ಕಳ ಪಾಲಿಸಿ’ ತೋರಿಸಿದರೆ ಅವಸರದಲ್ಲಿ ಸಹಿ ಹಾಕಬೇಡಿ. ವಿಮೆ ಬೇಕಾಗಿರುವುದು ದುಡಿಯುವ ನಿಮಗೆ. ನಿಮ್ಮ ಹೆಸರಲ್ಲಿ ಟರ್ಮ್ ವಿಮೆ (ಅವಧಿಯೊಳಗೆ ನೀವು ತೀರಿಕೊಂಡರೆ ಮನೆಯವರಿಗೆ ಹಣ ಕೊಡುವ ವಿಮೆ) ಇಲ್ಲದಿದ್ದರೆ ಈ ತಿಂಗಳು ಅದನ್ನು ಮಾಡಿಸಿ, ಎಸ್‌ಐಪಿ ಮುಂದಿನ ತಿಂಗಳು ಶುರುವಾದರೂ ಪರವಾಗಿಲ್ಲ.